ಮೈನಸ್ 37, ಆದರೂ ಥ್ಯಾಂಕ್ಸ್

ಶನಿವಾರದ ಬೌಲಿಂಗ್ ಟೂರ್ನಿ (ಚೆಂಡು ಉರುಳಿಸಿ ಪಿನ್ ಬೀಳಿಸುವ ಆಟದ್ದು) ಏನಾಯಿತು ಅಂತ ಮೆಸೇಜು ಮಾಡಿದವರಿಗೆಲ್ಲ ಒಬ್ಬೊಬ್ಬರಿಗೇ ಉತ್ತರ ಬರೆಯೋಣ ಅಂತ ಕೂತೆ. ಹದಿನೈದು ಜನ ಆಗುವಷ್ಟರಲ್ಲಿ ಹೆಬ್ಬೆರಳು ಮುಷ್ಕರ ಹೂಡಿತು. ಹಾಗಾಗಿ ಇಲ್ಲಿ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ, ಬಲಗೈಯಲ್ಲಿ.

ಮೊದಲು ಫಲಿತಾಂಶ. ಎಂಟು ಆಟ, ಒಟ್ಟು 1,563 ಪಿನ್. ಇಂಥ ಟೂರ್ನಿಗಳಲ್ಲಿ ಆಟಕ್ಕೆ 200ರಂತೆ ಲೆಕ್ಕ ಇಟ್ಟುಕೊಂಡು, ಅದಕ್ಕಿಂತ ಎಷ್ಟು ಮೇಲೆ, ಎಷ್ಟು ಕೆಳಗೆ ಅಂತ ಹೇಳುತ್ತಾರೆ. ಆ ಲೆಕ್ಕದಲ್ಲಿ ನಾನು ಮೈನಸ್ 37. ಭಾನುವಾರದ ಸುತ್ತಿಗೆ ಹೋಗಲು ಮೈನಸ್ 21 ಸಾಕಿತ್ತು. 16 ಪಿನ್‌ನಲ್ಲಿ ತಪ್ಪಿತು. ಕಪ್ಪೂ ಇಲ್ಲ, ಚೆಕ್ಕೂ ಇಲ್ಲ, ಎಂಟ್ರಿ ಫೀ ನೀರಿನಲ್ಲಿ ಹೋಮ. ಆದರೂ ಶನಿವಾರ ಸಂಜೆ ಪಾರ್ಕಿಂಗ್ ಲಾಟಿನಲ್ಲಿ ಕೂತು ನಾನು ನಗುತ್ತಿದ್ದದ್ದು ನೋಡಿ ಗಂಡ ಹೆದರಿಬಿಟ್ಟರು.

ಹೋದ ವರ್ಷದ ಕಥೆ ನಿಮಗೆಲ್ಲ ಗೊತ್ತಿರುವುದೇ. ಕೈಗೆ ಪಟ್ಟಿ ಬಿದ್ದದ್ದೂ ಗೊತ್ತು, ಮಾರ್ಚ್ ತಿಂಗಳಲ್ಲಿ ಅಮ್ಮ ಹೋದದ್ದೂ ಗೊತ್ತು. ಮತ್ತೆ ಅದನ್ನೆಲ್ಲ ಬಿಚ್ಚುವುದಿಲ್ಲ. ಆಗ ಸಾರು, ಪಲ್ಯ, ಚಪಾತಿ ಡಬ್ಬಿ ಹೊತ್ತು ತಂದ ಕನ್ನಡ ಕೂಟದ ಗೆಳತಿಯರಿಗೆ, ಮೂರು ತಿಂಗಳು ನನ್ನ ಜಡೆ ಹಾಕಿದ ಮಗಳಿಗೆ, ವೀಸಾ ಮುಗಿಯುವ ತನಕ ಇದ್ದು ನೋಡಿಕೊಂಡ ಅತ್ತೆಗೆ, ಶುಕ್ರವಾರ ಮಧ್ಯಾಹ್ನ ಯಾಕೆ ರಜ ಅಂತ ಕೇಳದ ಮ್ಯಾನೇಜರಿಗೆ, ಬೆರಳು ಮಡಿಸಲು ಕಲಿಸಿದ ಥೆರಪಿಸ್ಟಿಗೆ, ಎಲ್ಲರಿಗೂ ಕೈ ಮುಗಿಯುತ್ತೇನೆ. ಈಗ ಎರಡೂ ಕೈ ಸರಿಯಾಗಿ ಸೇರುತ್ತವೆ.

ತುಮಕೂರಿನ ಬಂಧುಗಳಿಗೆ ಇನ್ನೊಂದು ಸಲ ಹೇಳಿಬಿಡುತ್ತೇನೆ: ಇದು ಕ್ರಿಕೆಟ್ ಬೌಲಿಂಗ್ ಅಲ್ಲ. ನಾನು ಸ್ಪಿನ್ನರ್ ಅಲ್ಲ, ಮೀಡಿಯಂ ಪೇಸೂ ಅಲ್ಲ. ಹತ್ತು ಪಿನ್ ನಿಲ್ಲಿಸಿ, 60 ಅಡಿ ದೂರದಿಂದ ಚೆಂಡು ಉರುಳಿಸಿ ಬೀಳಿಸುವ ಆಟ. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ ಅಮೀಬಾ ಅನ್ನುವ ಬೌಲಿಂಗ್ ಸೆಂಟರಿನಲ್ಲಿ ನಡೆದ ಆಫೀಸ್ ಪಾರ್ಟಿಯಲ್ಲಿ ಮೊದಲ ಸಲ ಆಡಿದ್ದೆ. ಹತ್ತರಲ್ಲಿ ಏಳು ಗಟರ್‌ಗೆ, ಅಂದರೆ ಪಕ್ಕದ ಚರಂಡಿಗೆ. ಮಿಷಿಗನ್‌ಗೆ ಬಂದ ಮೇಲೆ ಚಳಿಗಾಲದಲ್ಲಿ ಮಾಡಲು ಬೇರೇನೂ ಇಲ್ಲದೆ ಮಂಗಳವಾರದ ಲೀಗ್ ಸೇರಿದೆ. ಅಲ್ಲಿಂದ ಇಲ್ಲಿಗೆ ಹನ್ನೊಂದು ವರ್ಷ.

ಲೀಗಿನಲ್ಲಿ ನನ್ನ ಸರಾಸರಿ 208. ಮತ್ತೆ ಇಲ್ಲಿ 195 ಯಾಕೆ ಅಂತ ಮೂರು ಜನ ಕೇಳಿದ್ದೀರಿ. ಎಣ್ಣೆ, ಸ್ವಾಮಿ, ಎಣ್ಣೆ. ಲೇನ್ ಮೇಲೆ, ಅಂದರೆ ಚೆಂಡು ಉರುಳುವ ಹಾದಿಯ ಮೇಲೆ, ಕಣ್ಣಿಗೆ ಕಾಣದಷ್ಟು ತೆಳುವಾಗಿ ಎಣ್ಣೆ ಬಳಿದಿರುತ್ತಾರೆ. ನಮ್ಮ ಮಾಮೂಲಿ ಲೇನ್‌ಗಳಲ್ಲಿ ನಡುವೆ ಜಾಸ್ತಿ ಎಣ್ಣೆ, ಅಂಚಿನಲ್ಲಿ ಕಡಿಮೆ. ಗುರಿ ಸ್ವಲ್ಪ ಹೊರಗೆ ತಪ್ಪಿದರೆ ಒಣ ಜಾಗ ಚೆಂಡನ್ನು ಹಿಡಿದು ಒಳಗೆ ತಿರುಗಿಸುತ್ತದೆ. ಒಳಗೆ ತಪ್ಪಿದರೆ ಎಣ್ಣೆ ಅದನ್ನು ಜಾಸ್ತಿ ತಿರುಗಲು ಬಿಡುವುದಿಲ್ಲ. ಬಚ್ಚಲಿನ ನೆಲ ಇದ್ದ ಹಾಗೆ. ಎಲ್ಲಿ ಸುರಿದರೂ ನೀರು ತೂಬಿಗೇ ಹೋಗುತ್ತದೆ. ಪ್ರೊಫೆಷನಲ್‌ಗಳ ಲೇನ್‌ನಲ್ಲಿ ಆ ಇಳಿಜಾರು ಇರುವುದಿಲ್ಲ. ನೀವು ತಪ್ಪಿದರೆ ತಪ್ಪಿದಿರಿ, ಅಷ್ಟೇ.

ಪಿಬಿಎ ಅನ್ನುವ ಪ್ರೊಫೆಷನಲ್ ಸಂಘದವರು ಈ ಎಣ್ಣೆಯ ನಮೂನೆಗಳಿಗೆ ಪ್ರಾಣಿಗಳ ಹೆಸರಿಟ್ಟಿದ್ದಾರೆ. ಚೀತಾ, ವೈಪರ್, ಸ್ಕಾರ್ಪಿಯನ್, ಶಾರ್ಕ್. ನಮ್ಮ ಪಾಲಿಗೆ ಬಂದದ್ದು ಬ್ಯಾಡ್ಜರ್. ಚೀತಾದಲ್ಲಿ ಎಣ್ಣೆ 35 ಅಡಿಗೆ ಮುಗಿಯುತ್ತದೆ. ಬ್ಯಾಡ್ಜರ್‌ನಲ್ಲಿ 52 ಅಡಿ. ಅಂದರೆ ಕೊನೆಯ ಎಂಟು ಅಡಿ ಮಾತ್ರ ಒಣ. ಆ ಎಂಟು ಅಡಿಯಲ್ಲಿ ಚೆಂಡು ಎಚ್ಚೆತ್ತು, ತಿರುಗಿ, ಪಿನ್‌ಗೆ ಹೊಡೆಯಬೇಕು. ಬೌಲರ್‌ಗಳ ಬಾಯಲ್ಲಿ ಒಂದು ಲೆಕ್ಕ ಇದೆ. ಎಣ್ಣೆಯ ಉದ್ದದಲ್ಲಿ 31 ಕಳೆದರೆ, ಚೆಂಡು ಅಂಚಿನಿಂದ ಎಷ್ಟನೇ ಹಲಗೆಯ ಹತ್ತಿರ ಎಣ್ಣೆಯಿಂದ ಹೊರಬರಬೇಕು ಅಂತ ತಿಳಿಯುತ್ತದೆ. 52ರಲ್ಲಿ 31 ಹೋದರೆ 21. ಲೇನ್‌ನಲ್ಲಿ ಇರುವ ಹಲಗೆಗಳೇ 39, ಅಂದರೆ 21 ಹೆಚ್ಚುಕಡಿಮೆ ನಟ್ಟನಡುವೆ. ಅಂಚಿನಿಂದ ತಿರುಗಿಸಿ ಹಾಕುವ ನನ್ನ ಆಟ ಅಲ್ಲಿ ಕೆಲಸಕ್ಕೆ ಬಾರದು ಅಂತ ಲೆಕ್ಕವೇ ಹೇಳುತ್ತಿತ್ತು. ಕೇಳಿಸಿಕೊಳ್ಳಲು ನನಗೆ ಮೂರು ಆಟ ಬೇಕಾಯಿತು. ಅದು ಆಮೇಲೆ.

ಈಗ ಅಜ್ಜನ ವಿಷಯ.

ಹೆಸರು ಹಾಕಬೇಡ ಅಂದಿದ್ದಾರೆ. ನಮ್ಮ ಬೌಲಿಂಗ್ ಸೆಂಟರಿನ ಹಿಂಭಾಗದಲ್ಲಿ, ಶೂ ಕೊಡುವ ಕೌಂಟರಿನ ಪಕ್ಕ, ಚೆಂಡಿಗೆ ಬೆರಳು ಹಾಕುವ ತೂತು ಕೊರೆಯುವ ಸಣ್ಣ ಅಂಗಡಿ ಅವರದ್ದು. ಕಾರ್ ಫ್ಯಾಕ್ಟರಿಯಲ್ಲಿ ಡೈ, ಅಂದರೆ ಅಚ್ಚು, ಮಾಡುತ್ತಿದ್ದವರು, ರಿಟೈರ್ ಆದ ಮೇಲೆ ಇದು. ವಯಸ್ಸು 74. ನಾನು ಅಜ್ಜ ಅಂತಲೇ ಕರೆಯುವುದು. ಅದರ ಅರ್ಥ ಹೇಳಿದ ದಿನ, ‘ಇನ್ನೂ ಕೆಟ್ಟದಾಗಿ ಕರೆಸಿಕೊಂಡಿದ್ದೇನೆ, ಪರವಾಗಿಲ್ಲ’ ಅಂದರು. ಅಂಗಡಿಯ ಗೋಡೆಯ ಮೇಲೆ ಅರ್ಲ್ ಆಂಥನಿಯ ಹಳೇ ಫೋಟೊ ಇದೆ. 1975ರಲ್ಲಿ, ಒಂದೇ ಸೀಸನ್ನಿನಲ್ಲಿ ಒಂದು ಲಕ್ಷ ಡಾಲರ್ ದಾಟಿದ ಮೊದಲ ಬೌಲರ್. ದಪ್ಪ ಕನ್ನಡಕ, ಮೋಟು ಕ್ರಾಪು, ನನ್ನ ಹಾಗೆಯೇ ಎಡಚ. ನಾನು ಎಡಗೈಯಲ್ಲಿ ಆಡುತ್ತೇನೆ ಅಂತ ಗೊತ್ತಾದ ದಿನ ಅಜ್ಜ ಮಾತಾಡದೆ ಆ ಫೋಟೊದ ಧೂಳು ಒರೆಸಿದ್ದರು.

ಈ ಟೂರ್ನಿಗೆ ಹೆಸರು ಕೊಡು ಅಂದವರೂ ಅವರೇ. ಪಿಬಿಎ ರೀಜನಲ್ ಅನ್ನುವ ಪ್ರಾಂತೀಯ ಟೂರ್ನಿಗಳಲ್ಲಿ ಸಂಘದ ಸದಸ್ಯರಲ್ಲದವರಿಗೂ ಜಾಗ ಇರುತ್ತದೆ. ಗಂಡಸರ ನಡುವೆ ನಾನೇನು ಮಾಡಲಿ ಅಂದೆ. ಅಂಗಡಿಯ ಹಳೇ ಕಂಪ್ಯೂಟರಿನಲ್ಲಿ 2010ರ ಟೂರ್ನಮೆಂಟ್ ಆಫ್ ಚಾಂಪಿಯನ್ಸ್ ಫೈನಲ್ ಹಾಕಿ ಕೂರಿಸಿದರು. ಲಾಸ್ ವೇಗಸ್‌ನಲ್ಲಿ ಕೆಲ್ಲಿ ಕ್ಯುಲಿಕ್ 265, ಕ್ರಿಸ್ ಬಾರ್ನ್ಸ್ 195. ಪಿಬಿಎ ಟೂರ್‌ನಲ್ಲಿ ಹೆಣ್ಣೊಬ್ಬಳು ಪ್ರಶಸ್ತಿ ಗೆದ್ದದ್ದು ಅದೇ ಮೊದಲು. ಆಟ ಮುಗಿಯುವ ತನಕ ಅಜ್ಜ ಒಂದು ಮಾತೂ ಆಡಲಿಲ್ಲ. ಮುಗಿದ ಮೇಲೆ ಎಂಟ್ರಿ ಫಾರ್ಮ್ ಎದುರಿಗಿಟ್ಟರು.

ಇಷ್ಟು ಪೀಠಿಕೆ ಯಾಕೆಂದರೆ, ಶುಕ್ರವಾರದ ರಾತ್ರಿಯನ್ನು ಬರೆಯಲು ಧೈರ್ಯ ತಂದುಕೊಳ್ಳುತ್ತಿದ್ದೇನೆ.

ಟೂರ್ನಿ ಒಹಾಯೊದಲ್ಲಿ, ಟೊಲೆಡೊ ದಾಟಿ. ಮನೆಯಿಂದ ಒಂದೂವರೆ ಗಂಟೆ ದಾರಿ. ಶುಕ್ರವಾರ ಸಂಜೆ ಪ್ರಾಕ್ಟೀಸಿಗೆ ಒಬ್ಬಳೇ ಹೋಗಿದ್ದೆ. ಗಂಡ, ಮಗಳು ಮಾರನೇ ದಿನ ಬರುವವರಿದ್ದರು. ಹೆಸರು ಬರೆಸುವ ಮೇಜಿನಲ್ಲಿ ಒಬ್ಬರು ನನ್ನನ್ನು ನೋಡಿ, ‘ಆಡುವವರು ಎಲ್ಲಿ?’ ಅಂತ ಕೇಳಿದರು. ಅದನ್ನು ನಗಾಡಿ ಬಿಟ್ಟೆ. ಆದರೆ ಒಂದು ಗಂಟೆ ಆಡುವಷ್ಟರಲ್ಲಿ ಹೆಬ್ಬೆರಳು ಊದಿಕೊಂಡಿತು. ಬೆರಳು ತೂತಿನಲ್ಲೇ ಸಿಕ್ಕಿಕೊಳ್ಳುತ್ತಿತ್ತು. 14 ಪೌಂಡಿನ ಚೆಂಡು ನನ್ನ ಕೈಯನ್ನೇ ಎಳೆದುಕೊಂಡು ಹೋಗಿ, ಆಮೇಲೆ ಬಿಟ್ಟು, ಲೇನ್ ಮೇಲೆ ಧಡ್ ಅಂತ ಬಿತ್ತು. ಒಂದು ಸಲ ಅಲ್ಲ, ನಾಲ್ಕು ಸಲ. ಅಕ್ಕಪಕ್ಕದವರು ತಿರುಗಿ ನೋಡಿದರು. ಕೈಯ ಹಳೇ ಜಾಗದಲ್ಲಿ ನೋವು ಶುರುವಾಯಿತು. ಆ ನೋವಿನ ಗುರುತು ನನಗೆ ಚೆನ್ನಾಗಿ ಇದೆ.

ಕಾರಿನಲ್ಲಿ ಕೂತು ಅಜ್ಜನಿಗೆ ಫೋನ್ ಮಾಡಿದೆ. ಹೆಸರು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ ಅಂತ ಹೇಳಲು.

‘ಎಲ್ಲಿದ್ದೀಯ?’

ಹೇಳಿದೆ.

‘ಹಾಗಾದರೆ ಹತ್ತೂವರೆಗೆ ಬರುತ್ತೀಯ. ಅಂಗಡಿ ತೆಗೆದಿರುತ್ತೇನೆ.’ ಫೋನ್ ಕಟ್.

ಹತ್ತೂ ಮುಕ್ಕಾಲಿಗೆ ತಲುಪಿದೆ. ಅವರು ನನ್ನ ಮುಖ ನೋಡಲಿಲ್ಲ, ಹೆಬ್ಬೆರಳು ನೋಡಿದರು. ಚೆಂಡಿನ ತೂತಿನೊಳಗೆ ಬೆರಳಿನ ಅಳತೆಗೆ ಒಂದು ಪ್ಲಾಸ್ಟಿಕ್ ಕೊಳವೆ ಇರುತ್ತದೆ, ಸ್ಲಗ್ ಅನ್ನುತ್ತಾರೆ. ಹಳೇ ಸ್ಲಗ್ ಅನ್ನು ಕೊರೆದು ತೆಗೆದರು. ಹೊಸದನ್ನು ಅಂಟಿಸಿದರು. ಅಂಟು ಒಣಗುವ ತನಕ ಡ್ರಿಲ್ ಮುಟ್ಟುವ ಹಾಗಿಲ್ಲ. ಕಾಫಿ ಮಾಡಿದರು. ಕಾಫಿ ಅಂದರೆ ಕಾಫಿಯಲ್ಲ, ಆ ಬಣ್ಣದ ಬಿಸಿನೀರು. ಕುಡಿಯುತ್ತಾ ಕೂತೆವು.

ಆಗ ನನ್ನ ಬಾಯಿ ಬಿಟ್ಟುಕೊಂಡಿತು. ಯಾರಿಗೂ ಹೇಳದಿದ್ದದ್ದು. ನಿಮಗೂ ಹೇಳಿಲ್ಲ.

ಅಮ್ಮ ಹೋದಾಗ ನಾನು ಇಲ್ಲೇ ಇದ್ದೆ, ಕೈಗೆ ಪಟ್ಟಿ ಕಟ್ಟಿಕೊಂಡು. ವಿಮಾನ ಹತ್ತುವ ಹಾಗಿರಲಿಲ್ಲ. ಫೋನಿನಲ್ಲಿ ನೋಡಿದೆ. ಫೋನನ್ನೂ ನಾನು ಹಿಡಿಯಲಿಲ್ಲ, ಗಂಡ ಹಿಡಿದಿದ್ದರು. ಚಿಕ್ಕವಳಿದ್ದಾಗ ಎಡಗೈಯಲ್ಲಿ ತುತ್ತು ಎತ್ತಿದರೆ ಅಮ್ಮ ಸೌಟಿನ ಹಿಡಿಯಿಂದ ಮೆಲ್ಲಗೆ ಹೊಡೆಯುತ್ತಿದ್ದಳು. ‘ಎಡಗೈ ಬೇಡ ಕಣೇ, ಒಳ್ಳೇದಾಗಲ್ಲ’ ಅನ್ನುತ್ತಿದ್ದಳು. ಸುಮ್ನೆ ಅಭ್ಯಾಸದ ಮಾತು. ಆದರೆ ಅವತ್ತು, ಆ ಪಟ್ಟಿ ಕಟ್ಟಿದ ಕೈ ನೋಡುತ್ತಾ, ಅಮ್ಮ ಹೇಳಿದ್ದು ನಿಜವಾಯಿತಲ್ಲ ಅಂತ ಅನ್ನಿಸಿತು. ಈ ಕೈ ಇಲ್ಲದಿದ್ದರೆ, ಈ ಆಟ ಇಲ್ಲದಿದ್ದರೆ, ನಾನು ಅಲ್ಲಿ ಇರುತ್ತಿದ್ದೆ. ಒಂದು ವರ್ಷದಿಂದ ಚೆಂಡು ಎತ್ತಿದಾಗಲೆಲ್ಲ ಇದೇ. ಇದನ್ನು ಇಂಗ್ಲಿಷಿನಲ್ಲಿ ಹೇಳಲು ಹೊರಟು, ಅರ್ಧಕ್ಕೆ ಕನ್ನಡಕ್ಕೆ ಜಾರಿ, ಆಮೇಲೆ ಬರೀ ಅತ್ತುಬಿಟ್ಟೆ. ಅಜ್ಜನಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ.

ಅವರು ಸಮಾಧಾನ ಹೇಳಲಿಲ್ಲ. ಚೆಂಡು ಒರೆಸುವ ಬಟ್ಟೆ ಕೊಟ್ಟರು. ಲೇನ್ ಎಣ್ಣೆಯ ವಾಸನೆ ಹೊಡೆಯುತ್ತಿತ್ತು. ಅದರಲ್ಲೇ ಮುಖ ಒರೆಸಿಕೊಂಡೆ. ಅಂಟು ಮುಟ್ಟಿ ನೋಡಿದರು. ಎದ್ದು ಡ್ರಿಲ್ ಹಾಕಿದರು. ಕೊರೆದರು. ಚೆಂಡನ್ನು ನನ್ನ ಮುಂದೆ ಇಟ್ಟರು.

‘ಹಾಕಿ ನೋಡು.’

ಬೆರಳು ಹಾಕಿದೆ. ಬಿಗಿ. ತೂತಿನ ಅಂಚನ್ನು ಚಾಕುವಿನಿಂದ ಕೂದಲೆಳೆಯಷ್ಟು ಕೆರೆದರು. ಮರಳು ಕಾಗದದಿಂದ ಉಜ್ಜಿದರು. ‘ಹಾಕಿ ನೋಡು.’ ಇನ್ನೂ ಬಿಗಿ. ಮತ್ತೆ ಕೆರೆದರು. ‘ಹಾಕಿ ನೋಡು.’ ನಲವತ್ತು ಸಲವಾದರೂ ಆಗಿರಬೇಕು. ಬೆಳಿಗ್ಗೆ ಊತ ಇಳಿದಾಗ ಸಡಿಲವಾದರೆ ಅಂತ ಒಳಗೆ ಅಂಟಿಸಲು ಟೇಪಿನ ತುಂಡುಗಳನ್ನು ಕತ್ತರಿಸಿ ಕೊಟ್ಟರು. ಆಮೇಲೆ ಚೆಂಡಿನ ಮೈಯನ್ನೇ ಒರಟು ಪ್ಯಾಡಿನಿಂದ ಉಜ್ಜಿದರು, ಅಷ್ಟುದ್ದ ಎಣ್ಣೆಯಲ್ಲಿ ಸ್ವಲ್ಪವಾದರೂ ನೆಲ ಕಚ್ಚಲಿ ಅಂತ. ನನ್ನ ಅಳು ಯಾವಾಗ ನಿಂತಿತೋ ನನಗೇ ತಿಳಿಯಲಿಲ್ಲ. ಗಡಿಯಾರ ನೋಡಿದಾಗ ಎರಡೂ ಕಾಲು.

ಹೊರಡುವಾಗ ಒಂದು ಮಾತು ಹೇಳಿದರು. ‘ನಾಳೆ ಆಡದಿದ್ದರೂ ಪರವಾಗಿಲ್ಲ. ಆದರೆ ತೂತು ಸರಿ ಇಲ್ಲ ಅಂತ ಮಾತ್ರ ಬಿಡಬೇಡ. ತೂತು ಸರಿ ಇದೆ.’

ಶನಿವಾರ. 168, 179, 183. ಮೂರು ಆಟಕ್ಕೇ ಮೈನಸ್ 70. ಹೆಬ್ಬೆರಳು ಬೆಣ್ಣೆಯ ಹಾಗೆ ಹೊರಬರುತ್ತಿತ್ತು. ತಪ್ಪೆಲ್ಲ ನನ್ನ ತಲೆಯದ್ದು. ಅಂಚಿನಿಂದಲೇ ತಿರುಗಿಸುತ್ತೇನೆ ಅಂತ ಹಟ. ಚೆಂಡು ಎಣ್ಣೆಯ ಮೇಲೆ ಜಾರಿ, ತಿರುಗುವುದನ್ನೇ ಮರೆತು, ಪಿನ್ ಪಕ್ಕದಲ್ಲಿ ಹಾದು ಹೋಗುತ್ತಿತ್ತು. ಅವತ್ತು ನಮ್ಮ ಸ್ಕ್ವಾಡಿನಲ್ಲಿ, ಅಂದರೆ ಒಟ್ಟಿಗೆ ಆಡುವ ಗುಂಪಿನಲ್ಲಿ, ಎಡಚರು ಇದ್ದದ್ದೇ ಮೂವರು. ಎಡಚರಿಗೆ ಸುಲಭ, ಅವರ ಕಡೆಯ ಎಣ್ಣೆ ಚೆಂಡು ಉರುಳಿ ಉರುಳಿ ಬೇಗ ಕೆಡಲ್ಲ ಅಂತ ಬಲಗೈಯವರು ಗೊಣಗುತ್ತಾರೆ. ಬ್ಯಾಡ್ಜರ್ ಮೇಲೆ ಇದು ಉಲ್ಟಾ. ಎಣ್ಣೆ ಕೆಡಲಿ ಅಂತಲೇ ನಾವು ಕಾಯುತ್ತಿದ್ದೆವು, ಕೆಡಿಸಲು ನಮ್ಮ ಕಡೆ ಜನವೇ ಇಲ್ಲ. ಮೂರನೇ ಆಟ ಮುಗಿದಾಗ ಇನ್ನೊಬ್ಬ ಎಡಚ, ಕಾಲೇಜು ಹುಡುಗ, ನೀರು ಕುಡಿಯುತ್ತಾ, ‘ಮೇಡಂ, ನಡುವಿಗೆ ಬನ್ನಿ, ನೇರ ಹಾಕಿ’ ಅಂದ. ಎದುರಾಳಿಗೆ ಯಾರು ಹೀಗೆ ಹೇಳುತ್ತಾರೆ? ಅವನಿಗೂ ಥ್ಯಾಂಕ್ಸ್. ಅವನು ಭಾನುವಾರಕ್ಕೆ ಹೋದ.

ಆಮೇಲಿನ ಐದು ಆಟ 201, 214, 188, 226, 204. ಕೂಡಿ ನೋಡಿ, ಪ್ಲಸ್ 33. ಏಳನೇ ಆಟದಲ್ಲಿ ಸಾಲಾಗಿ ಐದು ಸ್ಟ್ರೈಕ್ (ಒಂದೇ ಎಸೆತಕ್ಕೆ ಹತ್ತೂ ಪಿನ್) ಬಿದ್ದಾಗ ಹಿಂದಿನಿಂದ ಮಗಳು ‘ಅಮ್ಮಾ’ ಅಂತ ಕಿರುಚಿದ್ದು ಇಡೀ ಹಾಲಿಗೆ ಕೇಳಿಸಿತು. ಆ ಕ್ಷಣದಲ್ಲಿ ಅದು ಯಾರು ಯಾರನ್ನು ಕರೆದದ್ದು ಅಂತ ನನಗೆ ಗೊಂದಲವಾಯಿತು. ಸ್ವಲ್ಪ ಹೊತ್ತು ಚೆಂಡು ಒರೆಸುತ್ತಾ ನಿಂತೆ.

ಭಾನುವಾರ ಅಜ್ಜನ ಅಂಗಡಿಗೆ ಹೋದೆ. ಸ್ಲಗ್ಗಿಗೆ, ರಾತ್ರಿಯ ಕೆಲಸಕ್ಕೆ ಎಷ್ಟು ಕೊಡಲಿ ಅಂತ ಕೇಳಿದೆ. ಸ್ಲಗ್ಗಿನ ದುಡ್ಡು ಮಾತ್ರ ತೆಗೆದುಕೊಂಡರು. ಡಬ್ಬಿಯಲ್ಲಿ ಚಕ್ಕುಲಿ ಒಯ್ದಿದ್ದೆ. ಒಂದು ಮುರಿದು ಬಾಯಿಗೆ ಹಾಕಿಕೊಂಡು, ಸ್ಕೋರ್ ಶೀಟ್ ಮೂಗಿನ ಹತ್ತಿರ ಹಿಡಿದು ಓದಿದರು.

‘16 ಪಿನ್.’

‘ಹೌದು.’

‘ಮೂಲೆಯ ಏಳನೇ ಪಿನ್ ಒಂಟಿಯಾಗಿ ನಿಂತದ್ದು ಎಷ್ಟು ಸಲ ತಪ್ಪಿಸಿದೆ?’

‘ಎರಡು.’

ಇನ್ನೊಂದು ಚಕ್ಕುಲಿ ಮುರಿದರು.

‘ನಾಳೆ ಆರಕ್ಕೆ ಬಾ. ನೇರ ಹೋಗುವ ಆ ಪ್ಲಾಸ್ಟಿಕ್ ಚೆಂಡು ಮರೆಯಬೇಡ.’