ಭಾನುವಾರಕ್ಕೆ ಮೊದಲು ಕಂಟೇನರ್ ರೆಡಿ ಮಾಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 10.30ಕ್ಕೆ ದಾವಣಗೆರೆ ವಿದ್ಯಾನಗರದ ಮಾಮೂಲಿ ರೂಮಿನಲ್ಲಿ ಸೇರುತ್ತಿದ್ದೇವೆ. ಎಐ ಕೋಡಿಂಗ್ ಏಜೆಂಟ್ (ನಾವು ಹೇಳಿದಂತೆ ತಾನೇ ಕೋಡ್ ಬರೆದು ಫೈಲ್ ಬದಲಿಸುವ ಪ್ರೋಗ್ರಾಂ) ಬಳಸುವವರೆಲ್ಲ ಈ ಸಲ ಅದನ್ನು ಕಂಟೇನರ್ ಒಳಗೇ, ಅಂದರೆ ಉಳಿದ ಯಂತ್ರದಿಂದ ಬೇರೆಯಾಗಿಟ್ಟ ಜಾಗದಲ್ಲೇ, ಓಡಿಸಬೇಕು. ಕಾರಣ ನಾನೇ. ಹೋದ ವಾರ ನನ್ನ ಏಜೆಂಟಿಗೆ ‘ಬೇಡದ ಫೈಲ್ ತೆಗೆ’ ಅಂದೆ. ಅದು ಪಕ್ಕದ ಫೋಲ್ಡರಿನಲ್ಲಿದ್ದ ಅಡಿಕೆ ಲೆಕ್ಕವನ್ನೂ ಗುಡಿಸಿ ಹಾಕಿತು. ಅಪ್ಪ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ.

ಮನೆಯಲ್ಲೇ ಕಂಟೇನರ್ ಓಡಿಸುವ ಸಾಫ್ಟ್‌ವೇರ್ ಆದ ಡಾಕರ್ ಅಥವಾ ಪಾಡ್‌ಮನ್ ಹಾಕಿಕೊಂಡು ಬನ್ನಿ. ವಿಂಡೋಸ್‌ನವರು ಮೊದಲು ಡಬ್ಲ್ಯೂಎಸ್‌ಎಲ್ 2 (ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಸೌಲಭ್ಯ) ಆನ್ ಮಾಡಿ. ಇಮೇಜ್ (ಕಂಟೇನರ್ ಶುರುವಾಗಲು ಬೇಕಾದ ಸಿದ್ಧ ಪ್ಯಾಕೇಜ್) ಕೂಡ ಮೊದಲೇ ಇಳಿಸಿಕೊಳ್ಳಿ, ಅಲ್ಲಿನ ವೈಫೈ ಗೊತ್ತಲ್ವಾ.

ಪ್ರಾಜೆಕ್ಟ್ ಫೋಲ್ಡರ್ ಒಂದನ್ನೇ ಮೌಂಟ್ ಮಾಡಿ, ಅಂದರೆ ಕಂಟೇನರ್ ಒಳಗೆ ಸಿಗುವಂತೆ ಜೋಡಿಸಿ. ಇಡೀ ಹೋಮ್ ಫೋಲ್ಡರ್ ಬೇಡ, ಎಸ್‌ಎಸ್‌ಎಚ್ ಕೀಗಳು (ಬೇರೆ ಸರ್ವರಿಗೆ ಲಾಗಿನ್ ಆಗುವ ಗುಟ್ಟಿನ ಫೈಲುಗಳು) ಅಲ್ಲೇ ಇರುತ್ತವೆ. ಡಾಕರ್ ಸಾಕೆಟ್ (ಡಾಕರಿಗೆ ಆದೇಶ ಕೊಡುವ ದಾರಿ) ಅಂತೂ ಒಳಗೆ ಕೊಡಲೇಬೇಡಿ. ಕೊಟ್ಟರೆ ಏಜೆಂಟ್ ಹೊಸ ಕಂಟೇನರ್ ಎಬ್ಬಿಸಿ ಇಡೀ ಯಂತ್ರವನ್ನೇ ಮುಟ್ಟಬಹುದು. ಬೀಗ ಹಾಕಿ ಕೀಲಿಯನ್ನು ಅದರ ಕೈಗೇ ಕೊಟ್ಟಂತೆ! ಕಂಟೇನರ್ ಒಳಗಿನ ಯೂಸರ್ ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಆಗಿರಬಾರದು.

ಇನ್ನೊಂದು ಮಾತು. ಮೌಂಟ್ ಆದ ಫೋಲ್ಡರಿನಲ್ಲಿ ಅಳಿಸಿದ್ದು ನಿಜವಾಗಿಯೂ ಅಳಿದುಹೋಗುತ್ತದೆ. ಅದಕ್ಕೇ ಮೊದಲು ಗಿಟ್‌ನಲ್ಲಿ ಕಮಿಟ್ ಮಾಡಿ (ಕೋಡಿನ ಈಗಿನ ಸ್ಥಿತಿ ಉಳಿಸಿ), ಹೊರಗಿನ ರೆಪೊಗೆ (ಬೇರೆ ಕಡೆ ಇರುವ ಕೋಡ್ ಸಂಗ್ರಹಕ್ಕೆ) ಪುಶ್ ಮಾಡಿರಿ, ಅಂದರೆ ಕಳಿಸಿರಿ. ಕಂಟೇನರ್ ಹೋಸ್ಟ್‌ನ (ಅದನ್ನು ಓಡಿಸುವ ಸಿಸ್ಟಮಿನ) ಕರ್ನಲ್ಲನ್ನೇ, ಅಂದರೆ ಆಪರೇಟಿಂಗ್ ಸಿಸ್ಟಮಿನ ತಿರುಳನ್ನೇ, ಹಂಚಿಕೊಳ್ಳುತ್ತದೆ; ಪೂರ್ತಿ ಬೇರೆ ಕಂಪ್ಯೂಟರಿನಂತೆ ಓಡುವ ವರ್ಚುವಲ್ ಮೆಷಿನ್‌ನಷ್ಟು ಗಟ್ಟಿ ಗೋಡೆ ಅಲ್ಲ. ನಮ್ಮ ಕೆಲಸಕ್ಕೆ ಇಷ್ಟು ಸಾಕು.

ಬರುವವರು ಶುಕ್ರವಾರ ರಾತ್ರಿಯೊಳಗೆ ಹೆಸರು, ಲ್ಯಾಪ್‌ಟಾಪಿನ ರ‍್ಯಾಮ್ ಎಷ್ಟು ಅಂತ ಇಲ್ಲೇ ಹಾಕಿ. 4 ಜಿಬಿ ಇದ್ದವರು ಪಕ್ಕದವರ ಜೊತೆ ಕೂರಬಹುದು. ಇನ್‌ಸ್ಟಾಲ್ ಆಗದಿದ್ದರೆ ಎರರ್ ಫೋಟೋ ಕಳಿಸಿ, ಸುಮ್ನೆ ‘ಆಗ್ತಿಲ್ಲ’ ಅಂದರೆ ನಮಗೂ ತಿಳಿಯಲ್ಲ. ಮುಗಿದ ಮೇಲೆ ಬೆಣ್ಣೆ ದೋಸೆ, ಈ ಸಲ ದುಡ್ಡು ನಂದು.