ಮಂಜುಗೆ, ದೊಡ್ಡಪ್ಪನ ಕಾಗದ

ಮಂಜು,

ನಿನ್ನ ಕಾಗದ ಬಂದು ಮೂರು ದಿನ ಆಯ್ತು. ಫ್ಯಾಕ್ಟರಿ ಮುಚ್ಚಿದ್ದು, ಬಾಡಿಗೆ ಬಾಕಿ, ಅದೆಲ್ಲ ನಿಮ್ಮಪ್ಪ ಫೋನಲ್ಲೇ ಹೇಳಿದ್ದ, ಬಿಡು. ಕೊನೇಲಿ ಒಂದು ಸಾಲು ಬರ್ದಿದೀಯಲ್ಲ, ಹೆಂಡ್ತಿ ಗಾರ್ಮೆಂಟ್ಸಿಂದ ಸಂಬಳ ತಂದಾಗ ಈ ಮನೇಲಿ ನಾನ್ಯಾರು ಅನ್ಸುತ್ತೆ ದೊಡ್ಡಪ್ಪಾ ಅಂತ, ಅದು ನನ್ನ ನಿದ್ದೆ ಕೆಡಿಸ್ತು.

ಯಾಕಂದ್ರೆ 2001 ಫೆಬ್ರವರಿ 28ಕ್ಕೆ ಕೆಜಿಎಫ್ ಮೈನ್ಸ್ ಮುಚ್ಚಿದಾಗ ನಂಗೂ ಇದೇ ಅನ್ಸಿತ್ತು, ಬಾಯಿಬಿಟ್ಟು ಹೇಳ್ಲಿಲ್ಲ ಅಷ್ಟೆ. ನೀನು ಹೇಳ್ದೆ, ಅಷ್ಟರಮಟ್ಟಿಗೆ ನೀನೇ ವಾಸಿ.

ನಮ್ಮ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್‌ಗಿಂತ ಆಳ, ಕೆಳಗೆ ಬಂಡೆನೇ ಕಾದಿರೋದು, ಏರ್‌ಬ್ಲಾಸ್ಟ್ ಆದ್ರೆ, ಅಂದ್ರೆ ಒತ್ತಡಕ್ಕೆ ಬಂಡೆ ಸಿಡಿದ್ರೆ, ಮೇಲೆ ಕಾರ್ಮಿಕರ ಲೈನ್ ಮನೇಲಿ ಪಾತ್ರೆ ಗಡಗಡ ಅನ್ನೋವು, ಹೆಂಗಸರು ಯಾರ ಗಂಡನೋ ಅಂತ ಗಣಿಗಿಳಿಯೋ ಶಾಫ್ಟ್ ಹತ್ರ ಓಡೋರು. ಅವರು ಕೆಳಗಿಳಿಯೋ ಹಾಗಿರ್ಲಿಲ್ಲ, 1952ರ ಗಣಿ ಕಾಯ್ದೇಲೇ ಹಾಗಿತ್ತು. ನಾವು ಇಳಿಯೋರು, ಅವರು ಕಾಯೋರು, ಅದನ್ನೇ ಗಂಡಸ್ತನ ಅಂದ್ಕೊಂಡ್ವಿ. ಶಾಫ್ಟ್ ಮುಚ್ಚಿದ್ಮೇಲೆ ಕಾಯೋ ಸರದಿ ನಮ್ದಾಯ್ತು, ನಮಗೆ ಅದು ಬರ್ತಿರ್ಲಿಲ್ಲ ಕಣೋ.

ನಿಮ್ಮ ದೊಡ್ಡಮ್ಮ ನಾಲ್ಕಕ್ಕೆ ಎದ್ದು ಅನ್ನ ಸಾರು ಮಾಡಿ, ಕತ್ತಲಲ್ಲೇ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ಹೋಗೋಳು. ನಾನು ಎಚ್ಚರ ಇದ್ರೂ ಗೋಡೆ ಕಡೆ ಮುಖ ಮಾಡಿ ಮಲಗಿರ್ತಿದ್ದೆ, ಡಬ್ಬಿ ಮುಚ್ಚಳ ಟಕ್ ಅಂದಾಗ ಉಸಿರು ಬಿಡ್ತಿದ್ದೆ. ಆಮೇಲೆ ನನ್ನ ಡಬ್ಬಿ ತಗೊಂಡು ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಆ ಕಡೆ ಸಂಜೆವರೆಗೂ ಕೂತು ಬರೋದು, ಅಕ್ಕಪಕ್ಕದೋರು ಕೆಲಸ ಸಿಕ್ಕಿದೆ ಅಂದ್ಕೊಳ್ಲಿ ಅಂತ.

ಮೊದಲ್ನೇ ಸಂಬಳದ ಕವರ್ ತಂದು ನನ್ನ ಕೈಗೇ ಕೊಟ್ಳು. ಎಣಿಸಿ ಜೇಬಿಗೆ ಹಾಕ್ಕೊಂಡೆ. ಆಮೇಲೆ ಅದರಲ್ಲೇ ಎತ್ತಿ ಅವಳ ರೈಲ್ ಪಾಸಿಗೆ ದುಡ್ಡು ಕೊಟ್ಟೆ, ನಾನೇ ದುಡಿದು ಕೊಡ್ತಿರೋನ ಥರ. ಅವಳು ಏನೂ ಅನ್ಲಿಲ್ಲ, ಸೆರಗಿಗೆ ಕಟ್ಕೊಂಡ್ಳು.

ಸೆಕ್ಯೂರಿಟಿ ಕೆಲಸ ಕರೆದಿದ್ರು, ಅಂಡರ್‌ಗ್ರೌಂಡ್ ಮಾಡಿದ ನಾನು ಗೇಟಲ್ಲಿ ಸಲ್ಯೂಟ್ ಹೊಡಿಬೇಕಾ ಅಂತ ಎರಡು ವರ್ಷ ಕೂತೆ, ಆಮೇಲೆ ಅದಕ್ಕೇ ಹೋದೆ. ನೀನು ಹಾಗೆ ಕೂರಬೇಡ, ಹೇಳೋಕೆ ನಂಗೆ ಯೋಗ್ಯತೆ ಇಲ್ಲ ಆದ್ರೂ ಹೇಳ್ತೀನಿ. ಪಿಎಫ್ ದುಡ್ಡು ಯಾರು ಕೇಳಿದ್ರೂ ಸಾಲ ಕೊಡ್ಬೇಡ.

ನಾನ್ಯಾರು ಅಂತೀಯಲ್ಲ, ಮತ್ತೆ ಅಲ್ಲಿಗೇ ಬಂದೆ ನೋಡು, ನಂಗೆ ಉತ್ತರ ಗೊತ್ತಿಲ್ಲ. ಒಂದು ರಾತ್ರಿ ಜೋರು ಮಳೆ, ರೈಲು ಲೇಟು. ಮಕ್ಕಳು ಹಸ್ಕೊಂಡೇ ನಿದ್ದೆ ಹೋಗಿದ್ವು, ಅಕ್ಕಿ ಡಬ್ಬ ನನ್ನ ಎದುರಿಗೇ ಇತ್ತು, ಕೈ ಹಾಕ್ಲಿಲ್ಲ. ಸ್ಟೇಷನ್ನಿಗೆ ಛತ್ರಿ ತಗೊಂಡು ಹೋಗ್ಬಹುದಿತ್ತು, ಲೈನಲ್ಲಿ ನಾಲ್ಕು ಜನ ನೋಡ್ತಾರಲ್ಲ ಅಂತ ಹೋಗ್ಲಿಲ್ಲ. ನೆನೆದು ಬಂದೋಳಿಗೆ ಇಷ್ಟೊತ್ತಾ ಅಂತ ಕೂಗಾಡ್ದೆ. ಅವಳು ಒದ್ದೆ ಸೀರೇಲೇ ಸ್ಟೌ ಹಚ್ಚಿದ್ಳು.

ನೀನು ಬೆಳಿಗ್ಗೆ ಅವಳ ಜೊತೆ ಏಳು ಮಾರಾಯ. ಈರುಳ್ಳಿ ಆದ್ರೂ ಹೆಚ್ಚಿಕೊಡು. ಮುದ್ದೆ ನಿಧಾನಕ್ಕೆ ಬರುತ್ತೆ, ನಂದು ಇವತ್ತಿಗೂ ಗಂಟೇ.

ಭಾನುವಾರ ಇಬ್ರೂ ರೈಲಿಗೆ ಬನ್ನಿ. ಎಷ್ಟೊತ್ತಾದ್ರೂ ಸರಿ, ಮಾರಿಕುಪ್ಪಂ ಸ್ಟೇಷನ್ನಲ್ಲಿ ಇರ್ತೀನಿ.

ನಿನ್ನ ದೊಡ್ಡಪ್ಪ