ಹಳದಿ ಬಣ್ಣ ಸಾಲದು, ಉಬ್ಬು ಗೆರೆ ಬೇಕು

ಮಾನ್ಯರೇ,

ಕಣ್ಣು ಕಾಣದವರಿಗಾಗಿ ಬಂದಿರುವ ಹೊಸ ಉಪಕರಣಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹವನ್ನು ಮಗಳು ಓದಿ ಹೇಳಿದಳು. ಖುಷಿಯಾಯಿತು. ನಮ್ಮ ಕಾಲ ಕೆಳಗೇ ಇರುವ ಒಂದು ಹಳೆಯ ಉಪಕರಣದ ಬಗ್ಗೆಯೂ ಹೇಳಬೇಕು ಅನಿಸಿತು. ಕಣ್ಣು ಕಾಣದವರು ಕಾಲಿನಿಂದ, ಕೋಲಿನಿಂದ ಮುಟ್ಟಿ ದಾರಿ ತಿಳಿಯಲೆಂದು ಫುಟ್‌ಪಾತಿಗೆ ಹಾಕುವ ಉಬ್ಬು ಗೆರೆ, ಚುಕ್ಕೆಗಳ ಹಳದಿ ಟೈಲ್ಸ್.

ನಾನು ಕಿರಾಣಿ ಅಂಗಡಿ ಇಟ್ಟಿದ್ದೇನೆ. ಗ್ಲಾಕೋಮಾದಿಂದ 41ನೇ ವಯಸ್ಸಿಗೆ ಎರಡೂ ಕಣ್ಣು ಹೋದವು. ಅಂಗಡಿ ಮುಚ್ಚಲಿಲ್ಲ. ಡಬ್ಬ ಅಲ್ಲಾಡಿಸಿದರೆ ಒಳಗಿರುವುದು ಕಡಲೆಕಾಳೋ ಹೆಸರುಬೇಳೆಯೋ ಸದ್ದಿನಲ್ಲೇ ಗೊತ್ತಾಗುತ್ತದೆ. ನೋಟು ಸ್ವಲ್ಪ ಕಷ್ಟ. 100, 200, 500ರ ಹೊಸ ನೋಟುಗಳ ಅಗಲ ಒಂದೇ. ಉದ್ದ ಮಾತ್ರ ಒಂದಕ್ಕಿಂತ ಒಂದು 4 ಮಿ.ಮೀ. ಜಾಸ್ತಿ. ಅಂಚಿನಲ್ಲಿ ಉಬ್ಬು ಗೆರೆಗಳಿವೆ, 100ಕ್ಕೆ ನಾಲ್ಕು, 500ಕ್ಕೆ ಐದು. ಗರಿಗರಿ ನೋಟಾದರೆ ಬೆರಳಿಗೆ ಸಿಗುತ್ತವೆ. ಹತ್ತಾರು ಕೈ ದಾಟಿ ಬಂದ ನೋಟಿನಲ್ಲಿ ಸವೆದು ಹೋಗಿರುತ್ತವೆ. ಆಗ ಬೆರಳಿಗೆ ಸುತ್ತಿ ಉದ್ದ ಅಳೆಯುತ್ತೇನೆ. ಮುಟ್ಟಿ ತಿಳಿಯುವುದು ಅಂದರೆ ನನಗೆ ನೋಡುವುದೇ.

ಫುಟ್‌ಪಾತಿನ ಟೈಲ್ಸೂ ಹಾಗೇ ಮುಟ್ಟಿ ತಿಳಿಯುವಂಥದ್ದು. ಅದನ್ನು ಮಾಡಿದ್ದು ಜಪಾನಿನ ಸೆಯಿಚಿ ಮಿಯಾಕೆ, 1965ರಲ್ಲಿ. ಎರಡು ವರ್ಷದ ನಂತರ ಒಕಾಯಾಮಾದಲ್ಲಿ ಅಂಧ ಮಕ್ಕಳ ಶಾಲೆಯ ಹತ್ತಿರ ಮೊದಲು ಹಾಕಿದರು. ಈಗ ಬಳಕೆಯಲ್ಲಿರುವ ಲೆಕ್ಕ ಬಲು ಸರಳ. ಉದ್ದ ಗೆರೆ ಸಿಕ್ಕರೆ ನಡಿ. ದುಂಡು ಚುಕ್ಕೆ ಸಿಕ್ಕರೆ ನಿಲ್ಲು, ಮುಂದೆ ರಸ್ತೆಯೋ ಮೆಟ್ಟಿಲೋ ತಿರುವೋ ಇದೆ. ಕೋಲಿನ ತುದಿಗೂ ಚಪ್ಪಲಿಯ ಅಡಿಗೂ ಇದು ಸ್ಪಷ್ಟವಾಗಿ ತಿಳಿಯುತ್ತದೆ.

ನಮ್ಮ ಅಂಗಡಿಯಿಂದ ಬಸ್ ನಿಲ್ದಾಣದವರೆಗೂ ಇವನ್ನು ಹಾಕಿದ್ದಾರೆ. ಹಾಕಿದ ದಿನ ನಾನು ಮೂರು ಸಲ ಸುಮ್ನೆ ಹೋಗಿ ಬಂದೆ, ಅಷ್ಟು ಸಂತೋಷವಾಗಿತ್ತು. ಆಮೇಲೆ ಕೇಬಲ್‌ಗೆಂದು ಅಗೆದರು. ಮತ್ತೆ ಮುಚ್ಚುವಾಗ ಗೆರೆಯ ಜಾಗಕ್ಕೆ ಚುಕ್ಕೆ, ಚುಕ್ಕೆಯ ಜಾಗಕ್ಕೆ ಗೆರೆ. ಒಂದು ಕಡೆ ಗೆರೆಯ ಸಾಲು ನೆಟ್ಟಗೆ ಹೊಸ ಕರೆಂಟ್ ಕಂಬಕ್ಕೇ ಹೋಗಿ ಮುಟ್ಟುತ್ತದೆ. ‘ನಡಿ’ ಅಂತ ಕಾಲು ಹೇಳಿತು, ನಡೆದೆ. ಕೋಲು ಕಂಬದ ಪಕ್ಕದಿಂದ ಜಾರಿತು, ಹಣೆ ಬಡಿಯಿತು. ಎರಡು ಹೊಲಿಗೆ ಬಿತ್ತು. ಇನ್ನೂ ಮುಂದೆ ನಾಲ್ಕು ಅಂಗಡಿಗಳ ಉದ್ದಕ್ಕೆ ಬರೀ ನುಣುಪು ಟೈಲ್ಸ್. ಬಣ್ಣ ಹಳದಿಯೇ ಅಂತೆ, ಮಗಳು ಹೇಳಿದಳು. ಸ್ವಲ್ಪ ದೃಷ್ಟಿ ಉಳಿದಿರುವವರಿಗೆ ಆ ಬಣ್ಣದಿಂದ ಸಹಾಯ ಆಗುತ್ತದೆ, ನಿಜ. ನನ್ನಂಥವರಿಗೆ ಅಲ್ಲಿ ದಾರಿಯೇ ಇಲ್ಲ.

ದೂರು ಕೊಡಲು ಹೋದೆ. ಅಲ್ಲಿದ್ದವರು ಒರಟಾಗಿ ಏನೂ ಮಾತಾಡಲಿಲ್ಲ. ‘ಜೊತೆಗೆ ಯಾರಾದರೂ ಇರ್ತಾರಲ್ವಾ ಸರ್?’ ಎಂದರು. ನನಗೆ ಹಣೆಯ ಪೆಟ್ಟಿಗಿಂತ ಆ ಮಾತೇ ಜಾಸ್ತಿ ನೋವು ಕೊಟ್ಟಿತು.

ಒಬ್ಬನೇ ನಡೆಯುವುದು ನನಗೆ ಯಾಕೆ ಮುಖ್ಯ ಅಂತ ಹೇಳುತ್ತೇನೆ. ಅಮೆರಿಕದ ಪಾಲ್ ಬಾಕ್-ಇ-ರೀಟಾ ಎಂಬ ವಿಜ್ಞಾನಿ 1969ರಲ್ಲಿ ಒಂದು ಕುರ್ಚಿಯ ಪ್ರಯೋಗ ಪ್ರಕಟಿಸಿದರು. ಕುರ್ಚಿಯ ಬೆನ್ನಿಗೆ ಅದುರುವ 400 ಮೊನೆಗಳು. ಕ್ಯಾಮೆರಾ ಕಂಡದ್ದನ್ನು ಅವು ಕೂತವರ ಬೆನ್ನ ಮೇಲೆ ಮೂಡಿಸುತ್ತಿದ್ದವು. ಹುಟ್ಟಿನಿಂದ ಕಣ್ಣಿಲ್ಲದವರೂ ಅಭ್ಯಾಸದ ಮೇಲೆ ಎದುರಿಗಿರುವ ಟೆಲಿಫೋನನ್ನು, ಕುರ್ಚಿಯನ್ನು ಗುರುತಿಸಿದರು. ಆದರೆ ಕ್ಯಾಮೆರಾವನ್ನು ಅವರೇ ಕೈಯಾರೆ ತಿರುಗಿಸಬೇಕಿತ್ತು. ಆಗಲೇ ವಸ್ತು ಬೆನ್ನ ಮೇಲಲ್ಲ, ಮುಂದೆ ಇದೆ ಅನಿಸುತ್ತಿತ್ತಂತೆ. ಈ ಮಾತು ನನಗೆ ಪೂರ್ತಿ ಅರ್ಥವಾಗುತ್ತದೆ. ಯಾರೋ ತೋಳು ಹಿಡಿದು ಎಳೆದುಕೊಂಡು ಹೋದ ದಾರಿ ನನಗೆ ನೆನಪಿರುವುದಿಲ್ಲ. ನಾನೇ ಕೋಲಾಡಿಸಿ ನಡೆದ ದಾರಿಯಲ್ಲಿ ಯಾವ ಚರಂಡಿ ಕಲ್ಲು ಅಲುಗುತ್ತದೆ, ಯಾವ ಗೋಡೆ ಮುಗಿದು ಗಾಳಿ ಬೀಸುತ್ತದೆ, ಎಲ್ಲ ಗೊತ್ತು.

ಅದಕ್ಕೇ ಸಂಬಂಧಪಟ್ಟವರಲ್ಲಿ ನನ್ನ ಕೋರಿಕೆ ಇಷ್ಟೇ. ಗುತ್ತಿಗೆದಾರರ ಬಿಲ್ ಪಾಸ್ ಮಾಡುವ ಮುಂಚೆ ಕಣ್ಣು ಕಾಣದ ಒಬ್ಬರನ್ನು ಆ ಟೈಲ್ಸ್ ಮೇಲೆ ಒಬ್ಬರೇ ನಡೆಯಲು ಬಿಡಿ. ಬೇರೆ ಯಾರೂ ಸಿಗದಿದ್ದರೆ ನಾನೇ ಬರುತ್ತೇನೆ. ಮಂಗಳವಾರ ಅಂಗಡಿಗೆ ರಜೆ.

ಇತಿ,
ಕೋಲು ಹಿಡಿದು ನಡೆಯುವ ನಿಮ್ಮ ಓದುಗ